ತಂತಿಗೆ ಒಂದು ಗೇಣು ಕೆಳಗೆ

ನಾನು ಒಂದು ಬಿದಿರಿನ ಕೋಲು. ಕೋಲು ಎಂದಕೂಡಲೇ ದನ ಕಾಯುವ ಬಡಿಗೆ ಎಂದುಕೊಳ್ಳಬೇಡಿ. ಮೂರಾಳೆತ್ತರದ ಕೋಲು ನಾನು. ಹುಟ್ಟಿದ್ದು ದಾಂಡೇಲಿ ಕಡೆಯ ಕಾಡಿನಲ್ಲಿ. ಕಡಿದು ತಂದು ಹುಬ್ಬಳ್ಳಿಯ ಮೇದಾರ ಓಣಿಯಲ್ಲಿ ಗೋಡೆಗೆ ಒರಗಿಸಿದರು. ಪಕ್ಕದವರೆಲ್ಲ ಸೀಳಿಸಿಕೊಂಡು ಬುಟ್ಟಿ, ಮೊರ, ತೊಟ್ಟಿಲುಗಳಾದರು. ನನ್ನ ಪಾಳಿ ಬರುವ ಮೊದಲೇ ಕೊಪ್ಪಳದ ಯಮನೂರಪ್ಪ ಬಂದ. ನನ್ನನ್ನು ನೆಲಕ್ಕೆ ಮಲಗಿಸಿ, ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿದ.

"ನೆಟ್ಟಗೈತಿ. ನಮ್ಮ ಗಾಡಿ ಮುಂದ ಹೋಗಾಕ ಇಂಥಾದ್ದ ಬೇಕು" ಅಂದ.

ಅವರ ಗಾಡಿ ಎಂದರೆ ಸಾಲುಸಾಲು ಚಕ್ರಗಳ ದೊಡ್ಡ ಟ್ರೇಲರ್. ಅದರ ಮೇಲೆ ಮನೆಯಷ್ಟು ದೊಡ್ಡ ಟ್ರಾನ್ಸ್‌ಫಾರ್ಮರುಗಳು, ಬಾಯ್ಲರುಗಳು ಊರಿಂದೂರಿಗೆ ಹೋಗುತ್ತಿದ್ದವು. ಹೊರೆ ಏರಿದ ದಿನ ನೆಲದಿಂದ ಅದರ ನೆತ್ತಿಯವರೆಗೆ ಅಳೆದು, ಅದಕ್ಕಿಂತ ಒಂದು ಗೇಣು ಮೇಲೆ ನನ್ನ ಮೈಗೆ ಕೆಂಪು ಬಟ್ಟೆ ಕಟ್ಟುವುದು ಅವರ ಪದ್ಧತಿ. ಸೇತುವೆಯಾಗಲಿ ತಂತಿಯಾಗಲಿ, ಮೊದಲು ಅದರ ಕೆಳಗೆ ನಾನು ನಿಲ್ಲಬೇಕು. ಕೆಂಪು ಬಟ್ಟೆ ತಾಗದಿದ್ದರೆ ಗಾಡಿ ಬರಬಹುದು. ಸೇತುವೆಗೆ ಹೊಡೆದ ಎತ್ತರದ ಹಲಗೆಯನ್ನು ಯಮನೂರಪ್ಪ ಎಂದೂ ನಂಬಿದವನಲ್ಲ. ರಸ್ತೆಗೆ ಡಾಂಬರಿನ ಮೇಲೆ ಡಾಂಬರು ಬಿದ್ದು ನೆಲವೇ ಮೇಲೆ ಬಂದಿರುತ್ತದೆ, ಹಲಗೆ ಮಾತ್ರ ಹಳೆಯದೇ ಇರುತ್ತದೆ. ಅವನ ಹೆಗಲ ಮೇಲೆ ಹೋಗುವಾಗ ನನಗೆ ಜಂಬವೋ ಜಂಬ.

ಇನ್ನು ಡ್ರೈವರ್ ದಸ್ತಗೀರಸಾಬರನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಅಷ್ಟು ಭಾರ ಇಳಿಜಾರಿನಲ್ಲಿ ಒಮ್ಮೆ ಓಟ ಕಿತ್ತರೆ ಬ್ರೇಕಿನ ಮಾತು ಕೇಳುವುದಿಲ್ಲ. ಅವರು ಆಳು ನಡೆಯುವ ವೇಗದಲ್ಲೇ ಇಳಿಸುತ್ತಿದ್ದರು. ಕಣ್ಣು ಮಾತ್ರ ಮುಂದೆ ನಡೆಯುವ ಯಮನೂರಪ್ಪನ ಕೈಮೇಲೆ. ಕೈ ಎತ್ತಿದನೋ, ಗಾಡಿ ನಿಂತಿತು. ಅದು ನೋಡುವಂಥ ಕೆಲಸ.

ತಗ್ಗಿದ ತಂತಿ ಎತ್ತಲು ಕಂಪನಿಯವರು ಕರೆಂಟು ಹರಿಯದ ಹಳದಿ ಕೋಲೊಂದನ್ನು ಕೊಟ್ಟಿದ್ದರು. ಅದು ಜೊತೆಗೆ ಬರುವ ಜೀಪಿನಲ್ಲೇ ಬಿದ್ದಿರುತ್ತಿತ್ತು. "ಅದು ನನ್ನ ಕೈಗೆ ಹತ್ತೂದಿಲ್ಲ" ಎನ್ನುತ್ತಿದ್ದ ಯಮನೂರಪ್ಪ. ನನ್ನ ತುದಿಗೇ ಒಂದು ಕವಲು ಕಟ್ಟಿಕೊಂಡು ತಂತಿ ಎತ್ತುತ್ತಿದ್ದ. ನಾನು ಇನ್ನಷ್ಟು ಉಬ್ಬಿದೆ.

ಒಂದು ಬೆಳಿಗ್ಗೆ ಟ್ರಾನ್ಸ್‌ಫಾರ್ಮರೊಂದನ್ನು ಹೇರಿಕೊಂಡು ಕುಷ್ಟಗಿ ಕಡೆಯ ಒಂದು ಹಳ್ಳಿಯ ಹತ್ತಿರ ಬಂದೆವು. ಹಳ್ಳದ ನೀರು ರಸ್ತೆಗೆ ಹರಿದಿತ್ತು. ಎಷ್ಟು ಆಳವಿದೆ ನೋಡಲು ಯಮನೂರಪ್ಪ ನನ್ನನ್ನು ನೀರಿಗಿಳಿಸಿ ತೆಗೆದ. ಅಲ್ಲಿಂದ ಮುಂದೆ ರಸ್ತೆಗಡ್ಡ ಎರಡು ಲೈನು, ಅದರಲ್ಲೊಂದು ಜೋತುಬಿದ್ದಿತ್ತು. ಕರೆಂಟು ತೆಗೆಸಿ ಬರುತ್ತೇನೆಂದ ಲೈನ್‌ಮನ್ ಇನ್ನೂ ಬಂದಿರಲಿಲ್ಲ. ಹಿಂದೆ ಮದುವೆಗೆ ಹೊರಟವರ ಟೆಂಪೊ ಒಂದೇ ಸಮನೆ ಹಾರ್ನ್ ಹೊಡೆಯುತ್ತಿತ್ತು.

ಯಮನೂರಪ್ಪನಿಗೆ ಒಂದು ರೂಢಿಯಿತ್ತು. ಊರು ಬಂದರೆ ಹಿಟ್ಟಿನ ಗಿರಣಿಗೆ ಕಿವಿಗೊಡುತ್ತಿದ್ದ. ಗಿರಣಿ ನಿಂತರೆ ಕರೆಂಟು ಹೋಯಿತೆಂದೇ ಲೆಕ್ಕ.

"ಗಿರಣಿ ನಿಂತೈತಿ ಕಾಕಾ, ಎತ್ತತೀನಿ" ಎಂದ.

"ಲೈನ್‌ಮನ್ ಬರಲಿ ತಮ್ಮಾ, ಅವಸರ ಯಾತಕ್ಕ?" ಎಂದರು ದಸ್ತಗೀರಸಾಬರು.

"ಗಿರಣಿ ಸುಳ್ಳು ಹೇಳತೈತೇನು?"

ನನ್ನನ್ನು ನೆಟ್ಟಗೆ ಮಾಡಿ ಎತ್ತಿದ. ತಂತಿಗೂ ನನ್ನ ತುದಿಗೂ ಒಂದು ಗೇಣು ಉಳಿದಿತ್ತು. ಆಗ ಶೇಂಗಾ ಹೊಲದಿಂದ ಒಬ್ಬ ಹೆಣ್ಣುಮಗಳು ಸಲಿಕೆ ಬಿಸಾಕಿ ಓಡಿ ಬಂದಳು. ಮೊಣಕಾಲಿನವರೆಗೆ ಕೆಸರು.

"ಏ ಅಣ್ಣಾ! ಮುಟ್ಟಬ್ಯಾಡೋ! ನನ್ನ ಮೋಟ್ರು ನೀರು ಹೊಡ್ಯಾಕ ಹತ್ತೈತಿ!"

ಅವನ ಕೈ ನಿಂತಿತು. ಉಸಿರು ಬಿಡದೆ ನನ್ನನ್ನು ಮೆಲ್ಲಗೆ ಕೆಳಗಿಳಿಸಿದ.

"ಊರಿನ ಕರೆಂಟ್ ಬ್ಯಾರೆ, ಹೊಲದ್ದು ಬ್ಯಾರೆ" ಎಂದು ಅವಳು ಏದುಸಿರಿನಲ್ಲೇ ಬೈದಳು. "ಮನ್ಯಾಗ ಹೆಂಡ್ರು ಮಕ್ಕಳು ಅದಾರಿಲ್ಲ ನಿನಗ?"

ಜೋತುಬಿದ್ದದ್ದು ಪಂಪ್‌ಸೆಟ್ಟಿನ ಲೈನು; ಅದಕ್ಕೆ ಕರೆಂಟು ಬರುವ ಹೊತ್ತುಗಳೇ ಬೇರೆ. ಗಿರಣಿಗೆ ಅದು ಹೇಗೆ ಗೊತ್ತಾಗಬೇಕು? ಯಮನೂರಪ್ಪ ರಸ್ತೆಯ ಬದಿಗೆ ಕೂತ. ಹಣೆ ಒರೆಸಿಕೊಳ್ಳಲು ಹೋದವನು ತನ್ನ ಅಂಗೈ ನೋಡಿದ. ನನ್ನ ಮೈಗಂಟಿದ್ದ ಹಳ್ಳದ ನೀರಿನಿಂದ ಅದು ಒದ್ದೆಯಾಗಿತ್ತು. ಆಮೇಲೆ ನನ್ನನ್ನು ನೋಡಿದ. ನನಗೆ ಹೆದರಿಕೆಯಾಯಿತು. ನನ್ನನ್ನು ಅಷ್ಟು ನಂಬಿದವನ ಜೀವ ನನ್ನ ಮೂಲಕವೇ ಹೋಗುವುದರಲ್ಲಿತ್ತು. ದಸ್ತಗೀರಸಾಬರು ಗಾಡಿಯಿಂದಿಳಿದು ಬಂದು ನೀರಿನ ಬಾಟಲಿ ಕೊಟ್ಟರು.

ಲೈನ್‌ಮನ್ ಬಂದು ಎರಡೂ ಲೈನು ತೆಗೆಸಿ, ತಂತಿ ಪರೀಕ್ಷಿಸಿ ಸನ್ನೆ ಮಾಡಿದ ಮೇಲೆ ಯಮನೂರಪ್ಪ ಹಳದಿ ಕೋಲು ಹಿಡಿದ. ಟ್ರಾನ್ಸ್‌ಫಾರ್ಮರು ಕೂದಲೂ ಕೊಂಕದೆ ದಾಟಿತು. ನನ್ನ ಕಣ್ಣಿಗೆ ಅಂದು ಅವನು ಎಂದಿಗಿಂತ ಎತ್ತರವಾಗಿ ಕಂಡ. ದಾಟಿದ ಮೇಲೆ ಗರಗಸ ಕೇಳಿದ.

"ಅಳತಿಗರ ಇರಲಿ ಬಿಡೋ" ಎಂದರು ದಸ್ತಗೀರಸಾಬರು.

"ಬ್ಯಾಡ ಕಾಕಾ. ನಾ ಇಲ್ಲದಾಗ ಇನ್ಯಾರರ ಇದನ್ನ ತಂತಿಗೆ ಎತ್ತತಾರ. ಅಳತಿಗೂ ಆ ಹಳದೀದ ಸಾಕು."

ತಾನೇ ಕೂತು ನನ್ನನ್ನು ನಡುವಿಗೆ ಕೊಯ್ದ. ಅಳು ಬರಲಿಲ್ಲ ಎಂದರೆ ಸುಳ್ಳಾದೀತು. ಆದರೆ ಅಷ್ಟು ಮೆಚ್ಚಿದ್ದನ್ನು ತನ್ನ ಕೈಯಿಂದಲೇ ಕೊಯ್ಯಲು ಎಂಥ ಗಟ್ಟಿ ಮನಸ್ಸು ಬೇಕು!

ಈಗ ನನ್ನ ಅರ್ಧ ಮೈ ಕೊಪ್ಪಳದಲ್ಲಿ, ಅವನ ಮನೆಯ ಹಿತ್ತಲಲ್ಲಿ ಬಟ್ಟೆ ಒಣಹಾಕುವ ಹಗ್ಗಕ್ಕೆ ಆನಿಕೆಯಾಗಿ ನಿಂತಿದೆ. ಅವನು ಒಂದೊಂದು ದಾರಿ ಮುಗಿಸಿ ಬಂದಾಗಲೂ ಹೆಂಡತಿ ಹುಲಿಗೆವ್ವ ಅವನ ಖಾಕಿ ಅಂಗಿ ಒಗೆದು ಹಾಕುತ್ತಾಳೆ. ಆ ಬೆಳಗಿನ ಸುದ್ದಿ ಅವಳಿಗೆ ಅವನು ಹೇಳಿಲ್ಲ. ಹಗ್ಗ ಜಗ್ಗಿದಾಗಲೆಲ್ಲ, "ಅಷ್ಟು ಚಂದನ್ನ ಕೋಲು ಯಾಕರ ಕೊಯ್ದ್ರೋ" ಎಂದು ಗೊಣಗುತ್ತಾಳೆ.

ಗೊಣಗಲಿ. ಅಂಗಿ ಒಣಗಿದ ಮೇಲೆ ತೊಡಲು ಅವನಿದ್ದಾನೆ.