ಬಾವಿಗೆ ಬಿಟ್ಟ ಗೆಂಡೆ

ತಿಮ್ಮಯ್ಯನ ಊರಿನಲ್ಲಿ ಹೊಸ ಬಾವಿ ತೋಡಿಸಿದವರು ಮೊದಲು ಅದಕ್ಕೆ ಮೀನು ಬಿಡುತ್ತಾರೆ. ವಾರ ಕಳೆದ ಮೇಲೂ ಮೀನು ಬದುಕಿದ್ದರೆ ಮನುಷ್ಯರು ಕುಡಿಯಬಹುದು ಅಂತ ನಂಬಿಕೆ. ಎರಡು ವರ್ಷದ ಹಿಂದೆ ಗುರುಮಲ್ಲಪ್ಪ ಕೆರೆ ಏರಿಯ ಕೆಳಗಿನ ತನ್ನ ಹೊಲದಲ್ಲಿ ಬಾವಿ ತೋಡಿಸಿದಾಗ ಆ ಕೆಲಸ ತಿಮ್ಮಯ್ಯನ ಪಾಲಿಗೆ ಬಂತು. ಗುರುಮಲ್ಲಪ್ಪನ ಮನೆಯವರು ಮೀನು ತಿನ್ನುವುದಿರಲಿ, ಮುಟ್ಟುವವರೂ ಅಲ್ಲ. ತಿಮ್ಮಯ್ಯನೋ ಪಕ್ಕದ ಹೊಲದವನು, ಮೂವತ್ತು ವರ್ಷದ ಗೆಳೆಯ, ಕೆರೆಗೆ ಬಲೆ ಬೀಸಿ ಪಳಗಿದವನು.

ಗುರುಮಲ್ಲಪ್ಪನ ಹೆಂಡತಿ ಮಂಗಳಮ್ಮ ಮೊದಲ ಕೊಡ ಸೇದಿದ ದಿನವೇ ಮುಖ ಕಿವುಚಿದ್ದಳು. "ನೀರು ಯಾಕೋ ಔಸ್ದಿ ವಾಸ್ನೆ ಒಡೀತದೆ ಕಣ್ರೀ."

"ನಾಳೆ ಮೀನು ಬುಡ್ತೀನಿ ಕಣಕ್ಕ, ಅದೇ ಏಳ್ತದೆ ಬುಡು" ಅಂದಿದ್ದ ತಿಮ್ಮಯ್ಯ.

ಮಾರನೆಯ ದಿನ ಕೆರೆಯಿಂದ ಆರು ಗೆಂಡೆ ಮೀನು ತಂದು ಬಿಟ್ಟ. ವಾರವಾಯಿತು, ತಿಂಗಳಾಯಿತು, ಆರೂ ಆರಾಮಾಗಿ ಓಡಾಡಿಕೊಂಡಿದ್ದವು. ಆ ಮನೆಯವರು ಗಂಗೆಪೂಜೆ ಮಾಡಿ ಕುಡಿಯುವುದಕ್ಕೆ ಶುರು ಮಾಡಿದರು.

ಆ ಕೆರೆಯ ಸುತ್ತ ಹೊಗೆಸೊಪ್ಪಿನ ಹೊಲಗಳು. ಬೆಳೆಗೆ ಹುಳದ ಔಷಧಿ ಹೊಡೆದವರೆಲ್ಲ ಕ್ಯಾನು ತೊಳೆಯುತ್ತಿದ್ದುದು ಕೆರೆಯಲ್ಲೇ. ತಿಮ್ಮಯ್ಯನೂ ತೊಳೆದವನೇ, ಸುಳ್ಳು ಯಾಕೆ. ಇಪ್ಪತ್ತು ವರ್ಷದ ಹಿಂದೆ ಮೊದಲ ಸಲ ಮೀನುಗಳು ರಾಶಿ ರಾಶಿ ಹೊಟ್ಟೆ ಮೇಲಾಗಿ ತೇಲಿದಾಗ ಊರಿಗೆ ಊರೇ ಗಾಬರಿಯಾಗಿತ್ತು. ನಾಲ್ಕು ದಿನ ಯಾರೂ ಕ್ಯಾನು ತರಲಿಲ್ಲ, ಐದನೆಯ ದಿನ ತಂದರು. ಮುಂದಿನ ವರ್ಷ ಕಡಿಮೆ ಸತ್ತವು, ಆಮೇಲಾಮೇಲೆ ಒಂದೂ ಸಾಯಲಿಲ್ಲ. "ನಮ್ ಕೆರೆ ಎಂಥದ್ನೂ ಅರಗಿಸ್ಕತದೆ ಕಣ್ಲಾ" ಅಂತ ತಿಮ್ಮಯ್ಯ ಟೀ ಅಂಗಡಿಯಲ್ಲಿ ಕೊಚ್ಚಿಕೊಂಡದ್ದೂ ಉಂಟು. ಥೂ, ಎಂಥ ಪೆದ್ದುತನ!

ಈ ವರ್ಷ ಮಂಗಳಮ್ಮನ ಕೈ ನಡುಗುವುದಕ್ಕೆ ಹಿಡಿಯಿತು. ಮುದ್ದೆ ತಿರುವಲಾರಳು, ಸೂಜಿಗೆ ದಾರ ಪೋಣಿಸಲಾರಳು. ಮೈಸೂರಿನ ಡಾಕ್ಟರು ಕಾರಣ ಇಂಥದ್ದೇ ಅಂತ ಹೇಳಲಿಲ್ಲ. ಯಾವ ನೀರು ಕುಡಿಯುತ್ತೀರಿ ಎಂದು ಮಾತ್ರ ಕೇಳಿದರು. ಗುರುಮಲ್ಲಪ್ಪ ಎದೆಯುಬ್ಬಿಸಿ, "ಮೀನು ಬದುಕಿರೋ ನೀರು ಸಾರ್" ಅಂದನಂತೆ.

ಕಳೆದ ಸೋಮವಾರ ಮೀನಿನ ಬಗ್ಗೆ ಓದುತ್ತಿರುವ ರೂಪಶ್ರೀ ಎಂಬ ಹುಡುಗಿ ಮೈಸೂರಿನಿಂದ ಕೆರೆ ನೋಡಲು ಬಂದಳು. ತಿಮ್ಮಯ್ಯನೇ ಬಲೆ ಬೀಸಿ ಗೆಂಡೆ ಹಿಡಿದುಕೊಟ್ಟ. ಅವಳು ಚುಂಚನಕಟ್ಟೆಯ ಹೊಳೆಯಿಂದಲೂ ಅದೇ ಜಾತಿಯ ಮೀನು ತಂದಿದ್ದಳು. ಕೆರೆ ನೀರು ತುಂಬಿದ ಟಬ್ಬಿಗೆ ಎರಡೂ ಬಗೆಯ ಕೆಲವನ್ನು ಬಿಟ್ಟಳು. ಹೊಳೆ ಮೀನು ಗಂಟೆಯೊಳಗೆ ವಾಲಾಡಿ ಹೊಟ್ಟೆ ಮೇಲೆ ಮಾಡಿದವು. ಕೆರೆಯವಕ್ಕೆ ಏನೂ ಆಗಲಿಲ್ಲ.

ತಿಮ್ಮಯ್ಯನಿಗೆ ಅವಮಾನವಾದಂತಾಯಿತು. "ಇರವ್ವ, ಒಳ್ಳೇ ನೀರು ತತ್ತೀನಿ" ಎಂದು ಗುರುಮಲ್ಲಪ್ಪನ ಬಾವಿಯಿಂದ ಬಕೆಟ್ಟು ತುಂಬಿ ತಂದ. ಮಧ್ಯಾಹ್ನದ ಊಟದ ಹೊತ್ತಿಗೆ ಅದರಲ್ಲಿ ಬಿಟ್ಟ ಹೊಳೆ ಮೀನೂ ಸತ್ತವು.

"ಔಷಧಿ ಬಿದ್ದಾಗ ಎಲ್ಲಾ ಸತ್ತಿಲ್ಲ ಯಜಮಾನ್ರೇ" ಅಂದಳು ರೂಪಶ್ರೀ. "ಹುಟ್ಟಿನಿಂದಲೇ ತಡ್ಕೊಳ್ಳೋ ಗುಣ ಇದ್ದ ಕೆಲವು ಉಳಿದ್ವು. ಮೊಟ್ಟೆ ಇಟ್ಟಿದ್ದು ಅವೇ, ಮರಿಗಳಿಗೂ ಅದೇ ಗುಣ ಬಂತು. ವರ್ಷಾ ವರ್ಷಾ ಹೀಗೇ ಆಗಿ ಈಗ ಇಡೀ ಕೆರೇಲಿ ಅಂಥವೇ ಇರೋದು. ನೀರು ಸರಿಹೋಗಿಲ್ಲ, ಮೀನು ಬದಲಾಗಿದೆ."

"ಮನುಸ್ರೂ ಅಂಗೇ ಒಗ್ಗೋಯ್ತಾರಾ ತಾಯಿ?"

"ಒಗ್ಗೋದಲ್ಲ ಅದು. ತಡ್ಕೊಳ್ಳೋಕಾಗ್ದೆ ಇದ್ದವೆಲ್ಲ ಸತ್ತಿದ್ದಕ್ಕೇ ಇವು ಮಾತ್ರ ಉಳಿದಿರೋದು." ಅವಳು ಬಕೆಟ್ಟಿನ ಕಡೆ ನೋಡಿದಳು. "ಕೆರೆ ನೀರೇ ಬಸಿದು ಬಂದಿರೋ ಈ ಬಾವಿ ನೀರು ಯಾರಾದ್ರೂ ಕುಡೀತಾರಾ? ಇವತ್ತೇ ನಿಲ್ಸೋಕೆ ಹೇಳಿ."

"ಏಳ್ತೀನಿ" ಅಂದ ತಿಮ್ಮಯ್ಯ.

ಅಂದು ಸಂಜೆ ಗುರುಮಲ್ಲಪ್ಪನ ಬಾಗಿಲ ತನಕ ಹೋದ. ಒಳಗೆ ನೆಂಟರಿದ್ದರು, ವಾಪಸು ಬಂದ. ಮಂಗಳವಾರ ಹೊಗೆಸೊಪ್ಪು ಮುರಿಯುವ ಕೆಲಸ ಅಂತ ತನಗೆ ತಾನೇ ಹೇಳಿಕೊಂಡ. ಬುಧವಾರ ಬೇಲಿಯ ಈಚೆ ನಿಂತಿದ್ದಾಗ ಮಂಗಳಮ್ಮ ಬಾವಿಯಿಂದ ನೀರು ಸೇದುವುದು ಕಾಣಿಸಿತು. ಕೈ ನಡುಗಿ ಅರ್ಧ ನೀರು ಸೀರೆಯ ಮೇಲೆ ಚೆಲ್ಲಿತು. ಅಕ್ಕಾ ಅಂತ ಕೂಗಿದ್ದರೆ ಕೇಳುವಷ್ಟು ಹತ್ತಿರದಲ್ಲಿದ್ದಳು. ಆದರೆ ಏನಂತ ಕೂಗುವುದು? ಔಷಧಿ ತೊಳೆದವನೂ ನಾನೇ, ಮೀನು ಬಿಟ್ಟು ಕುಡಿಯಿರಿ ಅಂದವನೂ ನಾನೇ ಅಂತಲೇ? ಮೂವತ್ತು ವರ್ಷದ ಸ್ನೇಹ ಒಂದು ಮಾತಿಗೆ ಮುರಿದುಬೀಳುತ್ತದಲ್ಲ ಎಂದು ಹೆದರಿದ. ಅವಳು ಕೊಡ ಹೊತ್ತು ಮನೆ ಕಡೆ ಹೋದಳು.

ಗುರುವಾರ ಬೆಳಿಗ್ಗೆ ತಡೆಯಲಾಗಲಿಲ್ಲ. ಹೋಗಿ ಜಗಲಿಯ ಮೇಲೆ ಕೂತು ಎಲ್ಲ ಒದರಿಬಿಟ್ಟ. ಕ್ಯಾನು ತೊಳೆದದ್ದು, ಹುಡುಗಿ ಬಂದದ್ದು, ಹೊಳೆ ಮೀನು ಸತ್ತದ್ದು, ಒಂದನ್ನೂ ಬಿಡಲಿಲ್ಲ. ಹೇಳುತ್ತ ಹೇಳುತ್ತ ಅತ್ತೇಬಿಟ್ಟ.

ಗುರುಮಲ್ಲಪ್ಪ ಹೆಗಲ ಟವೆಲು ತೆಗೆದು ಅವನ ಕೈಗೆ ಕೊಟ್ಟ. "ಅಳಬ್ಯಾಡ ಬುಡ್ಲಾ ತಿಮ್ಮ. ಆ ಕೆರೇಲಿ ನಾನೂ ಕ್ಯಾನು ತೊಳ್ದಿದೀನಿ. ನಿನ್ನೊಬ್ಬನ್ದೇ ತಪ್ಪಾ?" ಅಂದ.

ತಿಮ್ಮಯ್ಯನ ಎದೆ ಹಗುರಾಯಿತು. ಇಷ್ಟೇ ತಾನೇ, ಮೊದಲೇ ಬಂದು ಹೇಳಬಹುದಿತ್ತಲ್ಲ ಅನ್ನಿಸಿತು.

ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಮಂಗಳಮ್ಮ, ನಡುಗುವ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಕೇಳಿದಳು. "ಆ ಹುಡ್ಗಿ ಬಂದಿದ್ದು ಯಾವತ್ತು ತಿಮ್ಮಣ್ಣ?"

"ಸೋಮ್ವಾರ ಕಣಕ್ಕ."

"ಎರಡು ವರ್ಸ ಮೀನ್ನ ನಂಬಿ ಕುಡುದ್ವಿ. ಅದು ಗೊತ್ತಿಲ್ದೆ ಆದದ್ದು, ಓಗ್ಲಿ. ಸೋಮ್ವಾರದಿಂದ ಯಾರ್ನ ನಂಬಿ ಕುಡುದ್ವಿ, ಅದ್ನ ಏಳು."

ಗುರುಮಲ್ಲಪ್ಪ ಜಗಲಿಯಿಂದ ಎದ್ದು ಹೋಗಿ ಹೆಂಡತಿಯ ಪಕ್ಕ ನಿಂತ.