ಗಂಟೆ ಕೆಟ್ಟ ಯಂತ್ರ

"ನೀರೇ ಇಲ್ಲದ ಕಡೆ ಮೀನು ಹೇಗಮ್ಮ ಬಂತು?" ಎಂದು ಕಿವಿಯಣ್ಣ, ಮೇಜಿನ ಮೇಲಿದ್ದ ದೊಡ್ಡ ಯಂತ್ರದ ಪರದೆಯಿಂದ ಕಣ್ಣು ಕಿತ್ತು, ಬಗ್ಗಿ ಮೇಜಿನ ಅಡಿ ನೋಡಿದ.

ಅಂಗಡಿಯಾಕೆ ನಕ್ಕಳು. ದೋಣಿಯ ಎಂಜಿನ್ನು, ಹಗ್ಗ, ಬಣ್ಣದ ಡಬ್ಬಗಳ ನಡುವೆಯೇ ಬೆಳೆದ ಹೆಂಗಸು. ಗಂಡಸರ ಪೆದ್ದು ಪ್ರಶ್ನೆಗಳು ಅವಳಿಗೆ ಹೊಸದಲ್ಲ. "ಅದು ತೋರಿಕೆ ಮೀನು ಅಣ್ಣ. ಕೊಳ್ಳೋರಿಗೆ ತೋರಿಸೋಕೆ ಅಂತ ಯಂತ್ರದೊಳಗೇ ತುಂಬಿ ಕಳಿಸ್ತಾರೆ. ಬಾಣಲೆಗೆ ಹಾಕೋಕೆ ಬರಲ್ಲ."

"ನಮಗೆ ಅದೂ ಆದೀತು, ಕೊಡಿ," ಎಂದ ಅವನ ಭಾವಮೈದ. "ಮೊನ್ನೆಯಿಂದ ನಮ್ಮಕ್ಕ ಖಾಲಿ ಬಾಣಲೆಯನ್ನೇ ತೊಳೀತಿದಾಳೆ."

ಕಿವಿಯಣ್ಣನಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಎಂಜಿನ್ ನಿಲ್ಲಿಸಿ, ಹುಟ್ಟನ್ನು ನೀರಿಗಿಳಿಸಿ, ಅದರ ಹಿಡಿಗೆ ಕಿವಿ ಹಚ್ಚಿ ಕೂತನೆಂದರೆ ಕೆಳಗೆ ಗುಂಪುಗಟ್ಟಿದ ಮೀನು ಗೊರಗುಟ್ಟುವುದು ಅವನಿಗೆ ಕೇಳುತ್ತಿತ್ತು. ಮರಳಿನ ಮೇಲಿದ್ದರೆ ಒಂದು ದನಿ, ಬಂಡೆಯ ಸಂದಿಯಲ್ಲಿದ್ದರೆ ಇನ್ನೊಂದು. ಅವನು ಕೈಯೆತ್ತುವ ತನಕ ಬಲೆ ನೀರು ಮುಟ್ಟುವಂತಿರಲಿಲ್ಲ. ಎಂಜಿನ್ನು, ಬಲೆ ಭಾವಮೈದನ ಪಾಲು. ಕೈಯೆತ್ತುವುದು ಭಾವನ ಪಾಲು. ಆದರೆ ಎರಡು ವರ್ಷದಿಂದ ಹುಟ್ಟಿನ ಹಿಡಿ ಬರೀ ಮರವಾಗಿತ್ತು. ಎದುರು ನಿಂತು ಆಡಿದ ಮಾತು ಕೇಳುತ್ತಿತ್ತು. ಸಣ್ಣ ಸದ್ದುಗಳೆಲ್ಲ ಹೇಳದೆ ಕೇಳದೆ ಎದ್ದು ಹೋಗಿದ್ದವು. ಹೆಂಡತಿಗೂ ಬಾಯಿಬಿಡದೆ, ಹಕ್ಕಿ ನೋಡಿ, ನೀರಿನ ಬಣ್ಣ ನೋಡಿ, ಹಳೆಯ ಅಂದಾಜಿನ ಮೇಲೆ ಕೈಯೆತ್ತುತ್ತ ಬಂದಿದ್ದ. ಒಮ್ಮೊಮ್ಮೆ ಸಿಗುತ್ತಿತ್ತು. ಕಡಲಲ್ಲೇ ಮೀನು ಕಮ್ಮಿಯಾಗಿದೆ ಎಂದುಕೊಂಡ ಭಾವಮೈದ, ಮೀನು ಹುಡುಕುವ ಯಂತ್ರದ ಮಾತೆತ್ತಿದಾಗ ಕಿವಿಯಣ್ಣನೇ ಮುಂದಾಗಿ ಹೂಂಗುಟ್ಟಿದ. ಯಂತ್ರ ಬಂದರೆ ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆ.

ಅವರ ಕೈಗೆಟಕುವಂಥವು ಎರಡೇ ಇದ್ದವು. ಒಂದು ಹೊಸದು: ಅಂಗೈಯಗಲದ ಪರದೆ, ಮೀನು ಬಂದರೆ ಕೂಗುತ್ತದೆ. ಇನ್ನೊಂದು ಯಾರೋ ಬಳಸಿ ಬಿಟ್ಟದ್ದು: ಪರದೆ ದೊಡ್ಡದು, ಚಿತ್ರವೂ ಸ್ವಚ್ಛ, ಆದರೆ ಕೂಗುವ ಗಂಟೆ ಕೆಟ್ಟಿದೆ. ಅದಕ್ಕೇ ಅಗ್ಗ.

"ಕೂಗೋದೇ ಇರಲಿ," ಎಂದ ಭಾವಮೈದ. "ಎಂಜಿನ್ ಪಕ್ಕ ಕಟ್ತೀನಿ. ಬಿಸಿಲಲ್ಲಿ ಪರದೆ ನೋಡ್ತಾ ಯಾರು ಕೂರ್ತಾರೆ? ಕೂಗಿದ ತಕ್ಷಣ ಬಲೆ ಬಿಡೋದು. ಭಾವನ ಕಿವಿಗೂ ಸ್ವಲ್ಪ ರಜ."

ಅಂಗಡಿಯಾಕೆ ಏನೋ ಒತ್ತಿ ಸಣ್ಣ ಯಂತ್ರವನ್ನು ಕಿವಿಯಣ್ಣನ ಕೈಗಿಟ್ಟಳು. ಪರದೆಯ ಬಲಗಡೆಯಿಂದ ಸಣ್ಣ ಸಣ್ಣ ಕಮಾನುಗಳು ಹುಟ್ಟಿ ಎಡಕ್ಕೆ ಸರಿಯುತ್ತಿದ್ದವು, ಕತ್ತರಿಸಿದ ಉಗುರಿನಂತೆ. ಒಂದೊಂದು ಕಮಾನೂ ಒಂದೊಂದು ಮೀನಂತೆ. ಇದರಲ್ಲಿ ದೊಡ್ಡದು ಯಾವುದೆಂದು ಕೇಳಲು ತಲೆಯೆತ್ತಿದ. ಅಂಗಡಿಯಾಕೆ ಒಂದು ಕಿವಿ ಮುಚ್ಚಿಕೊಂಡಿದ್ದಳು. ಮೂಲೆಯಲ್ಲಿ ಹಗ್ಗ ಆರಿಸುತ್ತಿದ್ದವನೂ ತಿರುಗಿ ನೋಡುತ್ತಿದ್ದ. ಭಾವಮೈದನ ಕಣ್ಣು ಯಂತ್ರದ ಮೇಲಿತ್ತು, ಆಮೇಲೆ ಅವನ ಮುಖದ ಮೇಲೆ. ಅಷ್ಟೂ ಹೊತ್ತು ಅದು ಕೂಗುತ್ತಿತ್ತು.

"ಭಾವಾ, ಕೇಳಿಸ್ತಿದೆಯಾ?"

"ಏನು?" ಎಂದ ಕಿವಿಯಣ್ಣ. ಅಂದ ಮೇಲೆ ಇನ್ನೇನು ಉಳಿಯಿತು?

ಅಂಗಡಿಯ ಮೆಟ್ಟಿಲ ಮೇಲೆ ಭಾವಮೈದ ಅವನೆದುರು ನಿಂತು ಒಂದೊಂದೇ ಮಾತನ್ನು ಬಿಡಿಸಿ ಕೇಳಿದ. "ಎಷ್ಟು ದಿನದಿಂದ?"

"ಎರಡು ಮಳೆಗಾಲ ಆಯ್ತು."

"ಅಂದ್ರೆ ನೀವು ಹುಟ್ಟಿಗೆ ಕಿವಿ ಕೊಟ್ಟು ಕೂತಾಗ, ನಾನು ಕೆಮ್ಮು ಬಂದ್ರೂ ಬಾಯಿಗೆ ಬಟ್ಟೆ ತುರುಕ್ಕೊಂಡು ಕೂರ್ತಿದ್ದೆನಲ್ಲ..."

"ಹೂಂ."

"ಉಸಿರು ಬಿಗಿಹಿಡ್ಕೊಂಡು!"

"ಹೂಂ ಕಣಪ್ಪ."

"ನನಗೆ ಹೇಳೋಕೆ ಏನಾಗಿತ್ತು ನಿಮಗೆ?"

"ಹೇಳಿದ್ರೆ ದೋಣಿಯಲ್ಲಿ ನನಗೇನು ಕೆಲಸ? ದಡದಲ್ಲಿ ಕೂತು ಬಲೆ ಹೊಲಿಯೋದಾ?"

ಭಾವಮೈದ ಸರಕ್ಕನೆ ತಿರುಗಿ ಅಂಗಡಿಯೊಳಗೆ ಹೋದ. ಕಿವಿಯಣ್ಣ ಮೆಟ್ಟಿಲ ಮೇಲೆ ಕುಸಿದು ಕೂತ. ಕೂಗುವ ಯಂತ್ರ ಬರುತ್ತದೆ, ಎಂಜಿನ್ ಪಕ್ಕ ಕೂರುತ್ತದೆ, ತಾನು ದಡಕ್ಕೆ. ಆದರೆ ಹೊರಬಂದವನ ಕಂಕುಳಲ್ಲಿದ್ದದ್ದು ದೊಡ್ಡ ಪೆಟ್ಟಿಗೆ, ಗಂಟೆ ಕೆಟ್ಟದ್ದು.

ಮರುದಿನ ಬೆಳಿಗ್ಗೆ ಭಾವಮೈದ ಯಂತ್ರದ ನೀರಿಗಿಳಿಯುವ ತುದಿಯನ್ನು ದೋಣಿಯ ಹಿಂಬದಿಗೆ ಬಿಗಿದು, ಅದರ ತಂತಿಯನ್ನು ದೋಣಿಯ ಉದ್ದಕ್ಕೂ ಎಳೆದು ತಂದು, ಪರದೆಯನ್ನು ಮುಂದಿನ ಹಲಗೆಯೆದುರು ಕಟ್ಟಿದ.

"ಎಂಜಿನ್ ಪಕ್ಕ ಕಟ್ತೀನಿ ಅಂದಿದ್ದೆಯಲ್ಲೋ?" ಎಂದ ಕಿವಿಯಣ್ಣ.

"ಕಿವಿ ಹೋಯ್ತು ಅಂತ ಕಣ್ಣೂ ಹೋಯ್ತಾ? ನೋಡಿ, ಕೈಯೆತ್ತಿ. ಇನ್ಮೇಲೆ ಕೆಮ್ಮು ಬಂದ್ರೆ ನಾನಂತೂ ಕೆಮ್ತೀನಿ, ಹೇಳಿಬಿಟ್ಟಿದ್ದೀನಿ."

ದೋಣಿ ಹೊರಟಿತು. ಪರದೆಯ ಕೆಳಗೆ ಕಪ್ಪು ಗೆರೆಯೊಂದು ಮೂಡಿ ನಡೆಯತೊಡಗಿತು. ಕಿವಿಯಣ್ಣನಿಗೆ ಅದು ತಳವೆಂದು ಹೊಳೆಯಲು ತುಸು ಹೊತ್ತು ಬೇಕಾಯಿತು. ಮರಳಿದ್ದಲ್ಲಿ ಗೆರೆ ತೆಳ್ಳಗೆ, ಕಲ್ಲಿದ್ದಲ್ಲಿ ದಪ್ಪ. ಮದುವೆಯಾದ ವರ್ಷ ಬಲೆ ಹರಿದ ಬಂಡೆ ಇಗೋ, ಹೋರಿಯ ಹಿಣಿಲಿನ ಹಾಗೆ ಎದ್ದಿದೆ! ಜೀವಮಾನವಿಡೀ ಕತ್ತಲೆಯಲ್ಲಿ ತಡವಿಕೊಂಡು ಓಡಾಡಿದ ಮನೆಗೆ ಯಾರೋ ದೀಪ ಹಚ್ಚಿದಂತಾಯಿತು. ಗುಂಪೊಂದು ಕಂಡಿತೆಂದು ಅವಸರದಲ್ಲಿ ಕೈಯೆತ್ತಿದ. ಬಲೆಗೆ ನಾಲ್ಕು ಮೀನೂ ಬೀಳಲಿಲ್ಲ.

ಭಾವಮೈದ ಮುಂದೆ ಬಂದು ಪರದೆಗೆ ಬೆರಳಿಟ್ಟ. "ಎಡಗಡೆ ಇರೋದೆಲ್ಲ ದಾಟಿ ಬಂದದ್ದು ಭಾವ. ಈ ಬಲಗಡೆಯ ಅಂಚು ಇದೆಯಲ್ಲ, ಅದೊಂದೇ ಈಗ ಕೆಳಗಿರೋದು."

ಕಿವಿಯಣ್ಣ ಅಂಚಿಗೆ ಕಣ್ಣು ನೆಟ್ಟ. ಬಂಡೆ ದಾಟಿತು. ಅದರಾಚೆಗೆ ಅವನು ಎಂದೂ ಬಲೆ ಬಿಡಿಸಿದವನಲ್ಲ. ಕಿವಿ ಚೆನ್ನಾಗಿದ್ದ ಕಾಲದಲ್ಲೂ ಅಲ್ಲಿ ಒಂದು ದನಿಯಿರಲಿಲ್ಲ. ಸತ್ತ ನೀರು ಎಂದು ಊರಿಗೆಲ್ಲ ಹೇಳಿದ್ದ. ಈಗ ಗೆರೆ ಸರ್ರನೆ ಕೆಳಗಿಳಿಯಿತು. ಹತ್ತು ಮಾರು, ಹದಿನಾಲ್ಕು, ಇಪ್ಪತ್ತು. ಕೆಳಗೆ ಹೀಗೊಂದು ಕಣಿವೆಯಿತ್ತೇ? ಅದರ ಬುಡದಿಂದ ಚುಕ್ಕೆಗಳು ಏಳತೊಡಗಿದವು. ಉಪ್ಪುನೀರು ಸಿಡಿದಿರಬೇಕೆಂದು ಹೆಗಲ ಬಟ್ಟೆಯಿಂದ ಪರದೆ ಒರೆಸಿದ. ಚುಕ್ಕೆಗಳು ಹೋಗಲಿಲ್ಲ. ಹತ್ತಾದವು, ನೂರಾದವು, ಕಮಾನುಗಳಾಗಿ ಒಂದರ ಬೆನ್ನಿಗೊಂದು ಏರಿ ನಿಂತವು.

"ಇವು ಮಾತಾಡದ ಮೀನು ಕಣೋ," ಎಂದ ಕಿವಿಯಣ್ಣ. ದನಿ ತಾನಾಗಿ ಇಳಿದಿತ್ತು. "ನಾನು ಮಾತಾಡೋವನ್ನ ಮಾತ್ರ ಬಲ್ಲೆ. ಇಷ್ಟು ವರ್ಷ ಇವು ಇಲ್ಲೇ ಇದ್ದವಲ್ಲೋ, ಬಾಯಿ ಮುಚ್ಚಿಕೊಂಡು."

ಎಂಜಿನ್ನು ನಿಂತದ್ದು ಕೂತ ಹಲಗೆಯ ನಡುಕ ಅಡಗಿದಾಗ ಗೊತ್ತಾಯಿತು. ಹಿಂದೆ ಭಾವಮೈದ ಬಲೆಯ ಅಂಚು ಹಿಡಿದು ಕಾಯುತ್ತಿದ್ದ. ಕಿವಿಯಣ್ಣನ ಕೈ ಅರ್ಧಕ್ಕೆ ಏರಿ ಅಲ್ಲೇ ನಿಂತಿತು, ಕಣ್ಣು ಪರದೆ ಬಿಟ್ಟು ಕದಲಲಿಲ್ಲ. ಬಲದ ಅಂಚಿನಿಂದ ಅವು ಇನ್ನೂ ಬರುತ್ತಲೇ ಇದ್ದವು, ಸಾಲಿನ ಮೇಲೆ ಸಾಲು, ತಳದ ಗೆರೆಯೇ ಮುಚ್ಚಿಹೋಗುವಷ್ಟು.