ಇನ್ನೂರ ಹದಿನಾಲ್ಕು ಜಿಬಿ

ಕಂಪ್ಯೂಟರಿನ ಹೊಟ್ಟೆ ಉಬ್ಬರಿಸಿದ್ದು ತನ್ನಿಂದಲೇ ಇರಬೇಕು ಎಂಬ ಅನುಮಾನವನ್ನು ಅವಳು ಡೈರಿಯಲ್ಲಿ ಪೆನ್ಸಿಲಿನಿಂದ ಬರೆದಳು. ಪೆನ್ನಿನಲ್ಲಿ ಬರೆದರೆ ನಿಜವಾಗಿಬಿಡುತ್ತದೇನೋ ಎಂಬ ಅಳುಕು.

ಅವಳು ಕೆಲಸಕ್ಕಿದ್ದದ್ದು ಸೋದರತ್ತೆಯ ಚಪ್ಪಲಿ ಕಾರ್ಖಾನೆಯಲ್ಲಿ. ಒಂದು ಕಾಲು ಗಿಡ್ಡ ಇದ್ದವರು, ಬೆರಳು ಕಳೆದುಕೊಂಡವರು, ಪಾದ ಒಳಕ್ಕೆ ತಿರುಗಿದವರು, ಹೀಗೆ ಅಂಗಡಿಯ ಅಳತೆ ಒಗ್ಗದವರೇ ಅಲ್ಲಿಗೆ ಬರುತ್ತಿದ್ದರು. ಅವರ ಪಾದಕ್ಕೆ ಮರದ ಅಚ್ಚು ಕೆತ್ತುತ್ತಿದ್ದವರು ಎಲ್ಲರ ಬಾಯಲ್ಲೂ ಅಚ್ಚಜ್ಜ. ಅವರು ಬೆರಳಿಟ್ಟು ತೆಗೆದ ಇಪ್ಪತ್ತೆರಡು ವರ್ಷಗಳ ಅಳತೆಗಳೆಲ್ಲ ಒಂದೇ ಒಂದು ಹಳೆಯ ಪ್ರೋಗ್ರಾಮಿನಲ್ಲಿದ್ದವು. ಹೊಸ ಕಂಪ್ಯೂಟರಿನಲ್ಲಿ ಅದು ಓಡಲೊಲ್ಲದು. ಹಾಗಾಗಿ ರಿಪೇರಿಯವನೊಬ್ಬ ಹಳೆಯ ಕಂಪ್ಯೂಟರನ್ನು ಇಡಿಯಾಗಿ ಒಂದು ಫೈಲ್ ಮಾಡಿ ಹೊಸದರೊಳಗೆ ಇಟ್ಟುಕೊಟ್ಟಿದ್ದ. ಕ್ಲಿಕ್ ಮಾಡಿದರೆ ಕಿಟಕಿಯೊಂದು ತೆರೆದು ಅದರಲ್ಲಿ ಹಳೆಯ ಪರದೆ ಏಳುತ್ತಿತ್ತು. ಅತ್ತೆ ಅದಕ್ಕೆ ಇಟ್ಟ ಹೆಸರು ಬಸುರಿ ಡಬ್ಬ.

ಪಾದವನ್ನು ಸ್ಕ್ಯಾನ್ ಮಾಡಿ, ಚಿತ್ರವನ್ನು ಆ ಒಳಗಿನ ಕಂಪ್ಯೂಟರಿಗೆ ಹಾಕಿ, ನೋಡಿಕೊಂಡು ಅಂಕಿಗಳನ್ನು ತುಂಬುವುದು ಅವಳ ಕೆಲಸ. ಒಂದೊಂದು ಚಿತ್ರವೂ ಭಾರೀ ದೊಡ್ಡದು. ಸಂಜೆ ಆ ಚಿತ್ರಗಳನ್ನೆಲ್ಲ ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿ, ಮನೆ ಗುಡಿಸಿಟ್ಟ ಸಮಾಧಾನದಲ್ಲಿ ಹೊರಡುತ್ತಿದ್ದಳು.

ಸೋಮವಾರ ಪ್ರೋಗ್ರಾಮು ಅಳತೆ ಉಳಿಸಿಕೊಳ್ಳುವುದನ್ನೇ ನಿಲ್ಲಿಸಿತು. ಡಿಸ್ಕಿನಲ್ಲಿ ಎಳ್ಳಷ್ಟೂ ಜಾಗವಿಲ್ಲ. ಅತ್ತೆ ನೇರವಾಗಿ ಅಚ್ಚಜ್ಜನ ಮಣೆಯ ಹತ್ತಿರ ಹೋದಳು.

"ನೋಡಿ ಅಜ್ಜ, ನೀವು ಬೇಕು ಬೇಕು ಅಂತ ಹಟ ಹಿಡಿದ ಹಳೇ ಪ್ರೋಗ್ರಾಮೇ ಜಾಗ ಎಲ್ಲಾ ನುಂಗಿರೋದು. ನಾಳೆ ಮಧ್ಯಾಹ್ನ ಹೊಸದು ಮಾರೋರು ಬರ್ತಾರೆ. ಆ ಫೈಲ್ ತೆಗೆಸಿಬಿಡ್ತೀನಿ."

ಅಜ್ಜ ಕನ್ನಡಕ ಒರೆಸಿಕೊಂಡರು. ಬಾಗಿಲ ಬಳಿ ನಿಂತಿದ್ದ ಅವಳು ತಲೆ ತಗ್ಗಿಸಿ ತನ್ನ ಕುರ್ಚಿಗೆ ಮರಳಿದಳು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವಳಿಗೆ ಏನು ಕೇಳಲೂ ಸಂಕೋಚ. ಅಜ್ಜ ಅವಳ ಮುಖ ನೋಡಿಯೇ ತಿಳಿದುಕೊಂಡು, ಕೈಯಲ್ಲಿದ್ದ ಮರಕ್ಕೆ ಹೇಳುವವರಂತೆ, "ಹಿಮ್ಮಡಿ ಅಳತೆ ಯಾವಾಗಲೂ ನಿಂತಾಗ ತಗೋಬೇಕಪ್ಪ, ಕೂತಾಗಲ್ಲ" ಎಂದು ಗಟ್ಟಿಯಾಗಿ ಗೊಣಗುತ್ತಿದ್ದರು. ಅವಳು ಕಲಿತದ್ದೆಲ್ಲ ಆ ಗೊಣಗಾಟದಿಂದಲೇ. ಒಂದು ದಿನವೂ ಅವರಿಗೆ ಉಪಕಾರವಾಯಿತು ಅಂದಿರಲಿಲ್ಲ.

ಈಗ ಅವಳು ಕೂತು ಇಂಟರ್‌ನೆಟ್ಟಿನಲ್ಲಿ ಹುಡುಕಿದಳು, ಓದಿದಳು. ಹೊರಗಿನಿಂದ ನೋಡಿದರೆ ಫೈಲು ಇನ್ನೂರ ಹದಿನಾಲ್ಕು ಜಿಬಿ. ಒಳಗಿನ ಕಂಪ್ಯೂಟರನ್ನು ಕೇಳಿದರೆ, ತಾನು ಬಳಸುತ್ತಿರುವುದು ಮೂವತ್ತೊಂದೇ ಎನ್ನುತ್ತದೆ. ಒಳಗೆ ಅಳಿಸಿದ್ದು ಹೊರಗಿನ ಫೈಲಿಗೆ ಗೊತ್ತೇ ಆಗುವುದಿಲ್ಲವಂತೆ. ಅವಳು ದಿನವೂ ಹಾಕಿದ ಚಿತ್ರಗಳಿಂದ ಒಮ್ಮೆ ಉಬ್ಬಿದ್ದು, ಅವನ್ನು ಅಳಿಸಿದರೂ ತಾನಾಗಿ ಇಳಿಯುವುದಿಲ್ಲ. ಒಳಗಿನ ಖಾಲಿ ಜಾಗವನ್ನೆಲ್ಲ ಸೊನ್ನೆಗಳಿಂದ ತುಂಬಿ, ಆಮೇಲೆ ಹೊರಗಿನಿಂದ ಫೈಲನ್ನು ಕುಗ್ಗಿಸಬೇಕು. ಆದರೆ ಸೊನ್ನೆ ತುಂಬುವಾಗ ಅದು ಇನ್ನಷ್ಟು ಉಬ್ಬಬಹುದು, ಇಲ್ಲಿ ಕಾಲಿಡಲೂ ಜಾಗವಿಲ್ಲ. ಬೇರೆ ಡಿಸ್ಕೊಂದು ಬೇಕೇ ಬೇಕು.

ಅಜ್ಜನ ಮಣೆಯ ಪಕ್ಕ ಹೋಗಿ ನಿಂತಳು. ಅವರು ಉಳಿ ಕೆಳಗಿಟ್ಟು ಕಾದರು. ಡಿಸ್ಕ್ ಬೇಕಿತ್ತು ಎಂದು ಹೇಳುವಷ್ಟರಲ್ಲಿ ಅವಳ ಕಿವಿ ಕೆಂಪಾಗಿತ್ತು. ಊಟಕ್ಕೆ ಮನೆಗೆ ಹೋದ ಅಜ್ಜ ಬರುವಾಗ ಅಂಗೈಯಗಲದ ಡಿಸ್ಕೊಂದನ್ನು ಕರವಸ್ತ್ರದಲ್ಲಿ ಸುತ್ತಿ ತಂದರು.

"ಮಗಳು ಹಾಡು ತುಂಬಿಸಿ ಕೊಟ್ಟಿದ್ದು, ಅದನ್ನ ಮುಟ್ಟಬೇಡ ತಾಯಿ. ಮಿಕ್ಕ ಜಾಗ ಎಲ್ಲಾ ನಿಂದೇ."

ಮರುದಿನ ಬೆಳಿಗ್ಗೆ ಏಳಕ್ಕೇ ಅವರು ಬೀಗ ತೆಗೆದುಕೊಟ್ಟರು. ಫೈಲನ್ನು ಡಿಸ್ಕಿಗೆ ನಕಲು ಮಾಡಲು ಎರಡು ಗಂಟೆ. ಮೂಲವನ್ನು ಅವಳು ಮುಟ್ಟಲಿಲ್ಲ. ನಕಲನ್ನೇ ತೆರೆದು ಸೊನ್ನೆ ತುಂಬಿಸಿದಳು, ಒಳಗಿನ ಕಂಪ್ಯೂಟರನ್ನು ಪೂರ್ತಿ ಆರಿಸಿದಳು, ಕುಗ್ಗಿಸುವ ಆಜ್ಞೆಯನ್ನು ಅಕ್ಷರ ಅಕ್ಷರ ನೋಡಿ ಟೈಪ್ ಮಾಡಿದಳು. ಅಜ್ಜ ಪಕ್ಕದ ಸ್ಟೂಲಿನಲ್ಲಿ ಕೂತು ಅಚ್ಚೊಂದಕ್ಕೆ ಉಪ್ಪುಕಾಗದ ಉಜ್ಜುತ್ತಿದ್ದರು. ಶೇಕಡಾ ನಲವತ್ತರಲ್ಲಿ ಅದು ಬಹಳ ಹೊತ್ತು ನಿಂತಾಗ, ಇದೂ ಹಸಿ ಮರದ ಹಾಗೆ ಒಣಗಬೇಕೇನೋ ಅಂದರು. ಅವಳಿಗೆ ನಗು ಬಂತು. ಪಕ್ಕದಲ್ಲಿ ಒಬ್ಬರು ಏನೂ ಕೇಳದೆ ಕೂತಿರುವುದು ಎಷ್ಟು ದೊಡ್ಡದು ಅನ್ನಿಸಿತು.

ಮುಗಿದಾಗ ಫೈಲು ಮೂವತ್ಮೂರು ಜಿಬಿಗೆ ಇಳಿದಿತ್ತು.

ತೆರೆದು ಪರೀಕ್ಷಿಸಬೇಕಿತ್ತು. ಹಳೇ ಗಿರಾಕಿ, ಅಂಚೆಯವರ ಹೆಂಡತಿಯನ್ನು ಹುಡುಕು ಎಂದರು ಅಜ್ಜ. ಪರದೆಯ ಕಡೆ ನೋಡದೆಯೇ, "ಎಡಗಾಲು ಇಪ್ಪತ್ತೆರಡೂವರೆ, ಬಲಗಾಲು ಇಪ್ಪತ್ತೊಂದು, ಕಿರುಬೆರಳು ಮೇಲೆ ಏರಿದೆ" ಅಂದರು. ಪರದೆಯಲ್ಲೂ ಅಷ್ಟೇ ಇತ್ತು. ಇನ್ನೂ ನಾಲ್ವರನ್ನು ಹಾಗೆಯೇ ಹೊಂದಿಸಿ ನೋಡಿದ ಮೇಲೆಯೇ ಅವಳು ಹಳೆಯ ಫೈಲನ್ನು ಅಳಿಸಿ ಹೊಸದನ್ನು ಅದರ ಜಾಗದಲ್ಲಿಟ್ಟಳು. ಸ್ಕ್ಯಾನುಗಳು ಇನ್ನು ಮೇಲೆ ಹೊರಗೇ ಇರುವಂತೆ ಬೇರೊಂದು ಫೋಲ್ಡರನ್ನೂ ಮಾಡಿದಳು.

ಮಧ್ಯಾಹ್ನ ಅತ್ತೆ ಸಾಫ್ಟ್‌ವೇರ್ ಮಾರುವವರ ಜೊತೆ ಬಂದಳು. ಡಿಸ್ಕಿನಲ್ಲಿ ಮತ್ತೆ ಜಾಗವಾಗಿದೆ ಎಂದು ಕೇಳಿ ಹುಬ್ಬೇರಿಸಿದಳು.

"ಪರವಾಗಿಲ್ವೇ, ನಮ್ಮ ಹುಡುಗಿ ಬಸುರಿ ಡಬ್ಬದ ಹೊಟ್ಟೆ ಕರಗಿಸಿದಾಳೆ. ಆದರೆ ಅಜ್ಜ, ಇವತ್ತು ಕರಗಿದ್ದು ನಾಳೆ ಮತ್ತೆ ಊದುತ್ತೆ. ನಿಮ್ಮ ಪ್ರೋಗ್ರಾಮಿನ ಬುದ್ಧಿನೇ ಅಷ್ಟು. ತೆಗೆಸೋದೇ ವಾಸಿ."

"ನಿಮ್ಮಿಷ್ಟ ಅಮ್ಮ" ಎಂದು ಅಜ್ಜ ಅಚ್ಚಿನ ಮೇಲಿನ ಪುಡಿ ಊದಿದರು. ಮಾರುವವರು ಚೀಲದ ಜಿಪ್ ಎಳೆದರು. ಇನ್ನೊಂದು ನಿಮಿಷ ಸುಮ್ಮನಿದ್ದರೆ ಇಪ್ಪತ್ತೆರಡು ವರ್ಷ ಹೋಗುತ್ತಿತ್ತು, ಅವಳ ತಪ್ಪು ಅಜ್ಜನ ತಲೆಯ ಮೇಲೇ ಉಳಿಯುತ್ತಿತ್ತು.

ಅವಳು ಕುರ್ಚಿಯಿಂದ ಎದ್ದಳು. ಎಲ್ಲರಿಗೂ ಕೇಳಿಸುವಂತೆ ಹೇಳಿದಳು.

"ಅತ್ತೆ, ಅಜ್ಜನ ಪ್ರೋಗ್ರಾಮು ಏನೂ ನುಂಗಿಲ್ಲ. ತುಂಬಿಸಿದ್ದು ನಾನು."